ಲೆಕ್ಕ ನಮ್ಮದು, ಸಾಫ್ಟ್‌ವೇರ್ ಕಂಪನಿಯದು

ಬಾನುಲಿ ಭಾಷಣ



ಈ ಹೊತ್ತಿನ ಮಾತು ವ್ಯಾಪಾರದ ಸಾಫ್ಟ್‌ವೇರ್ ಬಗ್ಗೆ. ಹೊಸದನ್ನು ಕೊಳ್ಳುವುದು ಹೇಗೆ ಅಂತ ಹೇಳಲು ಕಂಪನಿಯವರೇ ಸಾಕಷ್ಟು ಜನ ಇದ್ದಾರೆ. ಹಳೆಯದನ್ನು ಬಿಡುವುದು ಹೇಗೆ ಅಂತ ಹೇಳುವವರು ಕಡಿಮೆ. ನಾನು ಮಾತಾಡುವುದು ಆ ಎರಡನೆಯದರ ಬಗ್ಗೆ. ಅಡತಿ ಅಂಗಡಿ ನಡೆಸುವವರು, ಬೀಜ ಗೊಬ್ಬರ ಮಾರುವವರು, ಜಿನ್ನಿಂಗ್ ಮಿಲ್ಲಿನವರು, ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು, ಇವರ ಹತ್ತಿರ ಕೂತು ಲೆಕ್ಕ ಬರೆಯುವ ಹುಡುಗ ಹುಡುಗಿಯರು ಕೇಳುತ್ತಿದ್ದರೆ, ಇದು ಅವರಿಗಾಗಿ.

ನಮ್ಮ ವನದುರ್ಗದ ಸುತ್ತಮುತ್ತ, ಶಹಾಪುರ ಸುರಪುರದ ಕಡೆ, ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಹತ್ತಿ ಹೆಚ್ಚಿತು. ಮಳೆ ನಂಬಿದ ಹೊಲದಲ್ಲಿ ತೊಗರಿ ಇದ್ದೇ ಇದೆ. ಮಾಲು ಹೆಚ್ಚಿದಂತೆ ಲೆಕ್ಕ ಹೆಚ್ಚಿತು. ಕೆಂಪು ಬಟ್ಟೆ ಹೊದಿಸಿದ ಕಿರ್ದಿ, ಖತಾವಣಿ ಪುಸ್ತಕಗಳು ದೀಪಾವಳಿಯ ಪೂಜೆಗೆ ಮಾತ್ರ ಹೊರಬರುತ್ತವೆ. ಉಳಿದ ದಿನ ತಕಪಟ್ಟಿ, ಉದ್ರಿ ಬಾಕಿ, ಹಮಾಲಿ, ಬ್ಯಾಂಕಿನ ಲೆಕ್ಕ ಎಲ್ಲವೂ ಕಂಪ್ಯೂಟರಿನಲ್ಲಿಯೇ. ಕಿರ್ದಿ ಪುಸ್ತಕ ಒಮ್ಮೆ ಕೊಂಡರೆ ತೀರಿತು. ಅದನ್ನು ಮಾರಿದ ಅಂಗಡಿ ಮುಚ್ಚಿದರೂ ಪುಸ್ತಕದಲ್ಲಿ ಬರೆದದ್ದು ಅಳಿಯುವುದಿಲ್ಲ. ಸಾಫ್ಟ್‌ವೇರ್ ಹಾಗಲ್ಲ. ಅದನ್ನು ಮಾಡಿದವರು ಇಂತಿಷ್ಟು ವರ್ಷ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಆ ಅವಧಿ ಮುಗಿದ ಮೇಲೆ ಕೈ ಬಿಡುತ್ತಾರೆ. ಇದಕ್ಕೆ ಬೆಂಬಲ ಮುಗಿಯುವುದು ಅನ್ನುತ್ತಾರೆ.

ಬೆಂಬಲ ಮುಗಿದ ಮರುದಿನ ಏನಾಗುತ್ತದೆ? ಏನೂ ಆಗುವುದಿಲ್ಲ. ಕಂಪ್ಯೂಟರ್ ಎಂದಿನಂತೆ ಶುರುವಾಗುತ್ತದೆ, ಬಿಲ್ಲು ಎಂದಿನಂತೆ ಹರಿದು ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ನಿಂತು ಹೋಗಿದ್ದರೆ ನಾವೇ ಓಡಾಡಿ ಬೇರೆಯದನ್ನು ತರುತ್ತಿದ್ದೆವು. ನಡೆಯುತ್ತಿರುವುದರಿಂದ ಯಾರೂ ಮುಟ್ಟುವುದಿಲ್ಲ.

ಮೈಕ್ರೊಸಾಫ್ಟಿನ ವಿಂಡೋಸ್ 10 ತೆಗೆದುಕೊಳ್ಳಿ. 2015ರ ಜುಲೈನಲ್ಲಿ ಬಂದದ್ದು. ನಮ್ಮ ಕಡೆಯ ಅಂಗಡಿಗಳಲ್ಲಿ ಈಗಲೂ ಬಹಳ ಕಡೆ ಅದೇ ಇದೆ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಅದೇ ದಿನ ಆಫೀಸ್ 2016 ಮತ್ತು ಆಫೀಸ್ 2019ರ ಬೆಂಬಲವೂ ಮುಗಿಯಿತು. ಈ ದಿನಾಂಕ ವರ್ಷಗಳ ಮೊದಲೇ ಎಲ್ಲರಿಗೂ ತಿಳಿಸಿದ್ದು. ಅದಕ್ಕೂ ಹಿಂದೆ ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8 ಗಡುವಾಗಿತ್ತು.

ಗಡುವು ದಾಟಿದ ಕಂಪ್ಯೂಟರಿಗೆ ತಿಂಗಳು ತಿಂಗಳು ಬರುತ್ತಿದ್ದ ದುರಸ್ತಿ ನಿಲ್ಲುತ್ತದೆ. ದುರಸ್ತಿ ಅಂದರೆ, ಕಳ್ಳರು ಒಳಗೆ ನುಗ್ಗಬಹುದಾದ ಕಿಂಡಿಗಳನ್ನು ಕಂಪನಿ ಪತ್ತೆಹಚ್ಚಿ ಮುಚ್ಚುವುದು. ಇಲ್ಲೊಂದು ಸೂಕ್ಷ್ಮ ಇದೆ. ಹೊಸ ವಿಂಡೋಸ್‌ನಲ್ಲಿ ಒಂದು ಕಿಂಡಿ ಮುಚ್ಚಿದಾಗ, ಎಲ್ಲಿ ಮುಚ್ಚಿದರು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಅದೇ ಕಿಂಡಿ ಹಳೆಯ ವಿಂಡೋಸ್‌ನಲ್ಲಿಯೂ ಇರುವ ಸಂಭವ ಹೆಚ್ಚು, ಅಲ್ಲಿ ಮುಚ್ಚುವವರಿಲ್ಲ. ಹೊಸದಕ್ಕೆ ಹಾಕಿದ ಪ್ರತಿ ತೇಪೆಯೂ ಹಳೆಯದು ಎಲ್ಲಿ ಹರಿದಿದೆ ಅಂತ ಕಳ್ಳನಿಗೆ ಬೆರಳು ತೋರಿಸಿದಂತೆ. ಹಾಗಾಗಿ ಗಡುವು ದಾಟಿ ದಿನ ಕಳೆದಷ್ಟೂ ಅಪಾಯ ಏರುತ್ತ ಹೋಗುತ್ತದೆ.

2017ರ ಮೇ 12ರಂದು ವನ್ನಾಕ್ರೈ ಅನ್ನುವ ಹಾವಳಿ ನಡೆಯಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿತ್ತು. ಬೀಗ ತೆಗೆಯಬೇಕಾದರೆ ಹಣ ಕೊಡಿ ಅಂತ ಪರದೆಯ ಮೇಲೆ ಬರಹ ಮೂಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಪಕ್ಕದ ಆಂಧ್ರದಲ್ಲಿ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಆ ಕಿಂಡಿಯನ್ನು ಮುಚ್ಚುವ ದುರಸ್ತಿ ಎರಡು ತಿಂಗಳ ಮೊದಲೇ, ಮಾರ್ಚ್ 14ರಂದೇ ಬಂದಿತ್ತು. ಆದರೆ ಅದು ಬೆಂಬಲ ಇದ್ದ ಆವೃತ್ತಿಗಳಿಗೆ ಮಾತ್ರ. ಎಕ್ಸ್‌ಪಿ ಇಟ್ಟುಕೊಂಡವರಿಗೆ ಹಾವಳಿ ಶುರುವಾದ ಮೇಲೆಯೇ ಸಿಕ್ಕಿತು. ನಮ್ಮ ಬ್ಯಾಂಕುಗಳ ಎಟಿಎಂಗಳಲ್ಲಿಯೂ ಎಕ್ಸ್‌ಪಿ ತುಂಬಿತ್ತು. ರಿಸರ್ವ್ ಬ್ಯಾಂಕು 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಇಷ್ಟು ತಿಂಗಳಿಗೆ ಕಾಲು ಭಾಗ, ಇಷ್ಟು ತಿಂಗಳಿಗೆ ಅರ್ಧ ಅಂತ ಕಂತು ಹಾಕಿ, 2019ರ ಜೂನ್ ಒಳಗೆ ಎಲ್ಲ ಯಂತ್ರಗಳಲ್ಲೂ ಅದನ್ನು ಬದಲಿಸಲು ಹೇಳಬೇಕಾಯಿತು. ಎಕ್ಸ್‌ಪಿಯ ಗಡುವು ಮುಗಿದು ಆಗಲೇ ನಾಲ್ಕು ವರ್ಷ ಆಗಿತ್ತು. ದೊಡ್ಡ ಬ್ಯಾಂಕುಗಳದ್ದೇ ಈ ಕಥೆಯಾದರೆ ನಮ್ಮ ಅಂಗಡಿಯವರು ತಡ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇದು ಬೆಂಬಲ ಮುಗಿಯುವ ಒಂದು ಬಗೆ. ಕಂಪನಿ ದಿನಾಂಕ ಹೇಳಿ, ಆ ದಿನ ಕೈ ಬಿಡುತ್ತದೆ. ಇನ್ನೂ ಎರಡು ಬಗೆ ಇವೆ.

ಎರಡನೆಯ ಬಗೆಯಲ್ಲಿ ಕಾನೂನು ಮುಂದೆ ಹೋಗುತ್ತದೆ, ಸಾಫ್ಟ್‌ವೇರ್ ಹಿಂದೆ ಉಳಿಯುತ್ತದೆ. ನಮ್ಮಲ್ಲಿ ಲೆಕ್ಕದ ಸಾಫ್ಟ್‌ವೇರ್ ಅಂದರೆ ಟ್ಯಾಲಿ ಅನ್ನುವಷ್ಟು ಆ ಹೆಸರು ಬಳಕೆಯಲ್ಲಿದೆ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಕಂಪನಿ ಅದು. ಅವರ ಟ್ಯಾಲಿ ಇಆರ್‌ಪಿ 9 ಬಂದದ್ದು 2009ರಲ್ಲಿ, ಅದರ ಜಾಗಕ್ಕೆ ಟ್ಯಾಲಿಪ್ರೈಮ್ ಬಂದದ್ದು 2020ರ ನವೆಂಬರ್‌ನಲ್ಲಿ. ಒಮ್ಮೆ ಲೈಸೆನ್ಸ್ ಕೊಂಡವರು ಅದೇ ಆವೃತ್ತಿಯನ್ನು ಬಳಸುತ್ತ ಇರಬಹುದು. ವಾರ್ಷಿಕ ನವೀಕರಣದ ಹಣ ಕಟ್ಟದಿದ್ದರೆ ಹೊಸ ಆವೃತ್ತಿ ಸಿಗುವುದಿಲ್ಲ, ಅಷ್ಟೇ. ಆದರೆ ತೆರಿಗೆ ನಿಂತಲ್ಲಿ ನಿಲ್ಲುವುದಿಲ್ಲ. 2017ರ ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂತು. ಅದೇ ವರ್ಷ ನವೆಂಬರ್ 15ರಿಂದ, ರೈತನಿಂದ ಹತ್ತಿ ಕೊಂಡ ನೋಂದಾಯಿತ ವ್ಯಾಪಾರಿ ಆ ತೆರಿಗೆಯನ್ನು ತಾನೇ ಕಟ್ಟಬೇಕು ಅನ್ನುವ ನಿಯಮ ಬಂತು. ಅಂದರೆ ಜುಲೈನಲ್ಲಿ ಹೊಸದಾಗಿದ್ದ ಸಾಫ್ಟ್‌ವೇರ್, ಹತ್ತಿ ಸುಗ್ಗಿಯ ಹೊತ್ತಿಗೆ ಹಳೆಯದಾಯಿತು. 2018ರ ಏಪ್ರಿಲ್ 1ರಿಂದ ರಾಜ್ಯದ ಒಳಗಿನ ಸಾಗಾಟಕ್ಕೂ ಇ-ವೇ ಬಿಲ್ ಬಂತು, ದೇಶದಲ್ಲಿ ಮೊದಲು ಬಂದದ್ದು ನಮ್ಮ ಕರ್ನಾಟಕದಲ್ಲಿಯೇ. 2025ರ ಸೆಪ್ಟೆಂಬರ್ 22ಕ್ಕೆ ಟ್ರ್ಯಾಕ್ಟರಿನ ಮೇಲಿನ ತೆರಿಗೆ, ಹನಿ ನೀರಾವರಿ ಸಾಮಾನಿನ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿಯಿತು. ಇಂಥ ಪ್ರತಿ ಬದಲಾವಣೆಯ ದಿನ, ಬೆಂಬಲ ಇರುವವನ ಅಂಗಡಿಗೆ ಬೇಕಾದ ತಿದ್ದುಪಡಿ ಕಂಪನಿಯಿಂದಲೇ ಬರುತ್ತದೆ. ಬೆಂಬಲ ಇಲ್ಲದವನು ಪ್ರತಿ ಬಿಲ್ಲನ್ನೂ ಕೈಯಿಂದ ತಿದ್ದುತ್ತ ಕೂರಬೇಕು. ಒಂದು ತಪ್ಪಿದರೆ ನೋಟಿಸು ಬರುತ್ತದೆ.

ಮೂರನೆಯ ಬಗೆಯೇ ನಮ್ಮ ಕಡೆ ಹೆಚ್ಚು, ಅದಕ್ಕೆ ದಿನಾಂಕವೂ ಇಲ್ಲ, ಪ್ರಕಟಣೆಯೂ ಇಲ್ಲ. ಸಾಫ್ಟ್‌ವೇರ್ ಮಾಡಿಕೊಟ್ಟವನೇ ಇಲ್ಲದಂತಾಗುವುದು.

ಶಹಾಪುರ, ಯಾದಗಿರಿಯ ಕಡೆ ಹೋಗುವ ಹಾದಿಯ ಬದಿಯಲ್ಲಿ ಲಾರಿ ತೂಗುವ ಕಾಟಾ ನೋಡಿರುತ್ತೀರಿ. ಒಳಗಿನ ಖೋಲಿಯಲ್ಲಿ ಒಂದು ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಕೆಂಪು ಅಂಕಿ ಮಿನುಗುವ ತೂಕದ ಪೆಟ್ಟಿಗೆ, ಟರ್ ಟರ್ ಅನ್ನುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ತೂಕದ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವ ತಂತಿಯ ತುದಿಯಲ್ಲಿ ಒಂಬತ್ತು ಸೂಜಿಗಳ ಒಂದು ಕೊಂಡಿ ಇರುತ್ತದೆ. ಈಗಿನ ಹೊಸ ಕಂಪ್ಯೂಟರಿನಲ್ಲಿ ಆ ಕೊಂಡಿ ಹಾಕುವ ಜಾಗವೇ ಬಹುಮಟ್ಟಿಗೆ ಇರುವುದಿಲ್ಲ. ತೂಕವನ್ನು ಓದಿ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಎಷ್ಟೋ ಕಡೆ ವಿಷುವಲ್ ಬೇಸಿಕ್ 6ರಲ್ಲಿ ಬರೆದದ್ದು. ಅದರಲ್ಲಿ ಬರೆಯುವ ಸಲಕರಣೆಗೇ ಮೈಕ್ರೊಸಾಫ್ಟ್ 2008ರಲ್ಲಿ ಬೆಂಬಲ ನಿಲ್ಲಿಸಿದೆ. ಬರೆದ ಹುಡುಗ ಆಗ ಕಲಬುರಗಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದವನು, ಈಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿಯಲ್ಲಿದ್ದಾನೆ. ಅವನ ಫೋನ್ ನಂಬರು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದು ಇದೆ. ಆ ನಂಬರು ಹತ್ತುವುದಿಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮಾಲೀಕರನ್ನು ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: "ನಮ್ಮಪ್ಪ ಇದ್ದಾಗ ಹಾಕಿಸಿದ್ದು ರೀ. ಛಲೋ ನಡೀಲಿಕ್ಕತ್ತದ, ಯಾಕ ಮುಟ್ಟಬೇಕು?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಡೆಯುವುದನ್ನು ಮುಟ್ಟಿದರೆ ಕೆಡುವ ಭಯ ಇದ್ದೇ ಇದೆ, ಸುಗ್ಗಿಯಲ್ಲಿ ಒಂದು ದಿನ ಕಾಟಾ ನಿಂತರೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಆದರೆ ಈ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ. ಅದು ಹೋಗುವ ದಿನವನ್ನು ನಾವು ಆರಿಸಲಾರೆವು. ಬದಲಿಸುವ ದಿನವನ್ನು ಆರಿಸಬಹುದು.

ನಮ್ಮ ಸೀಮೆಯ ಇತಿಹಾಸದಲ್ಲಿಯೇ ಇದಕ್ಕೆ ಒಪ್ಪುವ ಒಂದು ಸಂಗತಿ ಇದೆ. 1705ರಲ್ಲಿ ಔರಂಗಜೇಬ ತಾನೇ ಬಂದು ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೂ ಕೋಟೆ ತಡೆದು ನಿಂತಿತು. ಅಲ್ಲಿನ ದೊರೆ ಪಿಡ್ಡನಾಯಕ ಸಂಧಿಯ ಮಾತಾಡುತ್ತ ಕಾಲ ತಳ್ಳಿದ. ಇನ್ನು ನಿಲ್ಲದು ಅನ್ನಿಸಿದಾಗ ರಾತ್ರೋರಾತ್ರಿ ತನ್ನವರನ್ನು ಕರೆದುಕೊಂಡು ಹೊರಬಿದ್ದ. ಬಾದಶಹನಿಗೆ ಖಾಲಿ ಕೋಟೆ ಸಿಕ್ಕಿತು. ಸುರಪುರ ಸಂಸ್ಥಾನ ಅದಾದ ಮೇಲೂ ನೂರೈವತ್ತು ವರ್ಷ ಬಾಳಿತು. ಗೋಡೆ ನಿಂತಿರುವಾಗಲೇ ಹೊರಡುವ ದಾರಿ ಗೊತ್ತಿದ್ದದ್ದು, ಕಲ್ಲನ್ನು ಬಿಟ್ಟು ಜನರನ್ನು ಉಳಿಸಿಕೊಂಡದ್ದು, ಇವೆರಡರಿಂದ ಆ ಮನೆತನ ಉಳಿಯಿತು. ವ್ಯಾಪಾರದಲ್ಲಿ ಸಾಫ್ಟ್‌ವೇರ್ ಕಲ್ಲಿನ ಗೋಡೆ. ಉಳಿಸಿಕೊಳ್ಳಬೇಕಾದದ್ದು ಲೆಕ್ಕ.

ಲೆಕ್ಕ ಎಷ್ಟು ವರ್ಷ ಉಳಿಯಬೇಕು? ಇದನ್ನು ಕಾನೂನೇ ಹೇಳಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕ ಇಡಬೇಕು. 2023-24ರ ವಾರ್ಷಿಕ ವಿವರಕ್ಕೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ ಆ ವರ್ಷದ ಬಿಲ್ಲು, ಖಾತೆಗಳು 2030ರ ಡಿಸೆಂಬರ್ 31ರವರೆಗೆ ತೆರೆದು ಓದುವಂತಿರಬೇಕು. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಯಾದರೆ ಎಂಟು ಹಣಕಾಸು ವರ್ಷ. ಈಗ ಲೆಕ್ಕ ಹಾಕಿ. ವಿಂಡೋಸ್ 10ರ ಮೇಲೆ 2023ರಲ್ಲಿ ಬರೆದ ಲೆಕ್ಕಕ್ಕೆ, ಆ ವಿಂಡೋಸ್ ಸತ್ತ ಮೇಲೂ ಐದು ವರ್ಷ ಆಯುಷ್ಯ ಇರಬೇಕು. ಲೆಕ್ಕದ ಆಯುಷ್ಯ ಸಾಫ್ಟ್‌ವೇರಿನ ಆಯುಷ್ಯಕ್ಕಿಂತ ದೊಡ್ಡದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕನ್ನಡದಲ್ಲಿ ಲೆಕ್ಕಪತ್ರ ಇಡುವವರಿಗೆ ಇನ್ನೊಂದು ಮಾತು ಹೇಳಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ, ಪುಣೆಯ ಶ್ರೀಲಿಪಿ, ಇಂಥವುಗಳಿಂದ ಕನ್ನಡ ಕಂಪ್ಯೂಟರಿಗೆ ಏರಿತು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಆಗಿನ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತಿತ್ತು. ಸಂಘದ ಸದಸ್ಯರ ಪಟ್ಟಿಯೊಂದನ್ನು ಆಗ ಟೈಪ್ ಮಾಡಿಟ್ಟಿದ್ದರೆ, ಆ ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ. ಬಸಪ್ಪ, ಹಣಮಂತ, ಖಾಜಾಸಾಬ ಇರಬೇಕಾದ ಕಡೆ ಕೊಕ್ಕೆ, ಚುಕ್ಕೆ, ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಒಂದು ಹೆಸರು ಹುಡುಕಿದರೆ ಸಿಗದು. ಅಕಾರಾದಿಯಾಗಿ ಜೋಡಿಸಿದರೆ ತಲೆಕೆಳಗಾಗುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದೆ, ನುಡಿ ಬರಹಗಳಲ್ಲಿಯೂ ಈಗ ಯುನಿಕೋಡ್ ಇದೆ, ಹಳೆಯ ಕಡತಗಳನ್ನು ಪರಿವರ್ತಿಸುವ ಸಲಕರಣೆಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮಾತ್ರ ಕಣ್ಣಿಟ್ಟು ಓದಬೇಕು. ಹಳೆಯ ಫಾಂಟ್ ಇರುವ ಕಂಪ್ಯೂಟರ್ ಬದುಕಿರುವಾಗಲೇ ಈ ಕೆಲಸ ಮಾಡಿ. ಅದು ಹೋದ ಮೇಲೆ ಪರಿವರ್ತಿಸಿದ್ದು ಸರಿಯೋ ತಪ್ಪೋ ತಾಳೆ ನೋಡಲು ಏನೂ ಉಳಿಯುವುದಿಲ್ಲ.

ಸರಿ, ಬಿಡುವುದು ಹೇಗೆ?

ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿರಿ. ಇದನ್ನು ಕಂಪ್ಯೂಟರಿನಲ್ಲಿ ಬರೆಯಬೇಡಿ, ಕಂಪ್ಯೂಟರ್ ಕೆಟ್ಟ ದಿನ ಬೇಕಾಗುವ ಪುಸ್ತಕ ಇದು. ಅಂಗಡಿಯಲ್ಲಿ ಇರುವ ಪ್ರತಿ ಸಾಫ್ಟ್‌ವೇರಿಗೂ ಒಂದೊಂದು ಪುಟ. ಅದರ ಹೆಸರು, ಆವೃತ್ತಿ, ಯಾರಿಂದ ಯಾವಾಗ ಕೊಂಡದ್ದು, ಲೈಸೆನ್ಸ್ ನಂಬರು, ಯಾವ ಮೊಬೈಲು, ಯಾವ ಇಮೇಲ್ ಮೇಲೆ ನೋಂದಣಿ, ಲೆಕ್ಕ ಯಾವ ಫೋಲ್ಡರಿನಲ್ಲಿ ಕೂತಿದೆ, ಬೆಂಬಲ ಯಾವತ್ತು ಮುಗಿಯುತ್ತದೆ. ಎಷ್ಟೋ ಕಡೆ ಆ ಇಮೇಲ್ ಕೆಲಸ ಬಿಟ್ಟುಹೋದ ಮುನೀಮನದ್ದಾಗಿರುತ್ತದೆ. ಅದನ್ನು ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಗಡುವಿನ ದಿನಾಂಕ ಕಂಪನಿಯವರೇ ಬಹಿರಂಗವಾಗಿ ಹೇಳಿರುತ್ತಾರೆ. ಹೇಳದಿದ್ದರೆ ಪತ್ರ ಬರೆದು ಕೇಳಿ, ಉತ್ತರವನ್ನು ಅದೇ ಪುಟಕ್ಕೆ ಅಂಟಿಸಿ.

ಆಮೇಲೆ ಯಾವುದು ಮೊದಲು ಅನ್ನುವುದನ್ನು ನಿರ್ಧರಿಸಿ. ಎಲ್ಲವನ್ನೂ ಒಂದೇ ಸಲ ಬದಲಿಸುವ ತಾಕತ್ತು ಯಾರಿಗೂ ಇಲ್ಲ. ಬ್ಯಾಂಕಿನ ವ್ಯವಹಾರ, ತೆರಿಗೆ, ಡಿಜಿಟಲ್ ಸಹಿ, ಇವು ಯಾವ ಕಂಪ್ಯೂಟರಿನಿಂದ ನಡೆಯುತ್ತವೋ ಅದು ಮೊದಲು. ಇಂಟರ್‌ನೆಟ್ಟಿಗೆ ಹೋಗದ ಯಂತ್ರ ಕೊನೆಗೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು ಇರಬೇಕು. ಇಲ್ಲದಿದ್ದರೆ ಕಂಪ್ಯೂಟರನ್ನೇ ಬದಲಿಸಬೇಕಾಗುತ್ತದೆ. ಸ್ವಲ್ಪ ಕಾಲ ಬೇಕು ಅನ್ನುವ ವ್ಯಾಪಾರ ಸಂಸ್ಥೆಗಳಿಗೆ ಮೈಕ್ರೊಸಾಫ್ಟ್ ಹಣ ತೆಗೆದುಕೊಂಡು ವಿಂಡೋಸ್ 10ಕ್ಕೆ ದುರಸ್ತಿ ಕೊಡುತ್ತದೆ. ಒಂದು ಕಂಪ್ಯೂಟರಿಗೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ ಅದರ ದುಪ್ಪಟ್ಟು, ಮೂರನೆಯ ವರ್ಷ ಮತ್ತೆ ದುಪ್ಪಟ್ಟು. ಮೂರು ವರ್ಷಕ್ಕೆ 427 ಡಾಲರ್. ಆ ದುಡ್ಡಿಗೆ ಒಂದು ಸಾಧಾರಣ ಹೊಸ ಕಂಪ್ಯೂಟರೇ ಬರುತ್ತದೆ. ಒಂದು ವರ್ಷ ಉಸಿರು ಬಿಡಲಿಕ್ಕೆ ಇದು ಸರಿ, ಮೂರು ವರ್ಷ ಅದರಲ್ಲೇ ಕೂರುವುದು ನಷ್ಟದ ಬಾಬತ್ತು. ಲಿನಕ್ಸ್‌ನಂಥ ಮುಕ್ತ ಸಾಫ್ಟ್‌ವೇರಿಗೆ ಹೋಗುವವರೂ ನೆನಪಿಡಿ, ಪುಕ್ಕಟೆ ಸಿಗುವುದಕ್ಕೂ ಗಡುವು ಇದೆ. ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಮಾಮೂಲಿ ಬೆಂಬಲ ಐದು ವರ್ಷ.

ಮೂರನೆಯ ಕೆಲಸ, ಲೆಕ್ಕವನ್ನು ಹೊರಗೆ ತೆಗೆದಿಡುವುದು. ಬ್ಯಾಕಪ್ ತೆಗೆದಿದ್ದೇವೆ ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಕಪ್ ಅನ್ನು ತೆರೆದು ನೋಡಿದವರು ಎಷ್ಟು ಜನ? ಅದೇ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುವ ಬ್ಯಾಕಪ್, ಆ ಸಾಫ್ಟ್‌ವೇರ್ ಹೋದ ದಿನ ತಾನೂ ಹೋಯಿತು. ಅದಕ್ಕಾಗಿ ಬ್ಯಾಕಪ್ ಜೊತೆಗೆ ಬೇರೆ ಯಾವ ಕಂಪ್ಯೂಟರಿನಲ್ಲಿಯೂ ತೆರೆಯುವ ರೂಪದಲ್ಲಿ ಒಂದು ಪ್ರತಿ ಇಡಿ. ಪ್ರತಿ ವರ್ಷದ ತಾಳೆಪಟ್ಟಿ, ಅಢಾವೆ ಪತ್ರಿಕೆ, ಲಾಭ ನಷ್ಟದ ಪತ್ರ, ಒಬ್ಬೊಬ್ಬ ಗಿರಾಕಿಯ ಖಾತೆ, ದಾಸ್ತಾನು ಪುಸ್ತಕ, ಎಲ್ಲ ಬಿಲ್ಲುಗಳು, ಇವು ಪಿಡಿಎಫ್‌ನಲ್ಲಿ ಒಂದು ಪ್ರತಿ, ಎಕ್ಸೆಲ್ ಅಥವಾ ಸಿಎಸ್‌ವಿಯಲ್ಲಿ ಇನ್ನೊಂದು. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ತೆಗೆದಿಟ್ಟ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಯಾವುದಾದರೂ ಹಳೆಯ ತಾರೀಖಿನ ಒಂದು ತಕಪಟ್ಟಿ ಹುಡುಕಿ ನೋಡಿ. ಸಿಕ್ಕರೆ ಬ್ಯಾಕಪ್ ಇದೆ ಅಂತ ಅರ್ಥ.

ನಾಲ್ಕನೆಯದು, ಹೊಸದನ್ನೂ ಹಳೆಯದನ್ನೂ ಕೆಲವು ದಿನ ಜೊತೆಯಾಗಿ ನಡೆಸುವುದು. ಬೆಳಗಿನ ಆರಂಭ ಶಿಲ್ಕು, ಸಂಜೆಯ ಅಖೇರಿ ಶಿಲ್ಕು, ಗೋದಾಮಿನ ಚೀಲದ ಲೆಕ್ಕ, ಉದ್ರಿ ಬಾಕಿಯ ಒಟ್ಟು ಮೊತ್ತ, ಈ ನಾಲ್ಕು ಅಂಕಿ ಎರಡರಲ್ಲಿಯೂ ಒಂದೇ ಬರಬೇಕು. ಒಂದು ರೂಪಾಯಿ ವ್ಯತ್ಯಾಸ ಇದ್ದರೂ ಏಕೆ ಅಂತ ಹುಡುಕಿ. ಎರಡು ಕಡೆ ಬರೆಯುವುದು ಬೇಸರದ ಕೆಲಸ, ಒಪ್ಪುತ್ತೇನೆ. ಅದಕ್ಕಾಗಿಯೇ ಕಾಲ ನೋಡಿ ಇಟ್ಟುಕೊಳ್ಳಬೇಕು. ಹತ್ತಿ ತೊಗರಿ ಬರುವ ನವೆಂಬರ್‌ನಿಂದ ಮಾರ್ಚ್‌ವರೆಗೆ ಅಡತಿಯವರು ಇದಕ್ಕೆ ಕೈ ಹಾಕಬಾರದು. ಗೊಬ್ಬರದ ಅಂಗಡಿಯವರು ಮುಂಗಾರಿನಲ್ಲಿ ಹಾಕಬಾರದು. ನಿಮ್ಮ ಸುಗ್ಗಿ ಯಾವುದು ಅಂತ ನಿಮಗೇ ಗೊತ್ತು. ಅದಿಲ್ಲದ ತಿಂಗಳಲ್ಲಿ ಹಳೆಯ ಲೆಕ್ಕದ ಒಂದು ನಕಲಿನ ಮೇಲೆ ಪ್ರಯೋಗ ಮಾಡಿ, ಏಪ್ರಿಲ್ 1ಕ್ಕೆ ಹೊಸ ವರ್ಷದ ಲೆಕ್ಕ ಹೊಸದರಲ್ಲಿ ಶುರು ಮಾಡಿ.

ಸರ್ಕಾರವೂ ಹೀಗೆಯೇ ಮಾಡಿದೆ. ನೋಂದಣಿ ಇಲಾಖೆಯಲ್ಲಿ ಎರಡು ದಶಕ ನಡೆದ ಕಾವೇರಿ ಸಾಫ್ಟ್‌ವೇರಿನ ಜಾಗಕ್ಕೆ 2023ರಲ್ಲಿ ಕಾವೇರಿ 2.0 ತಂದಾಗ, ರಾಜ್ಯದ ಎಲ್ಲ ಉಪನೋಂದಣಿ ಕಚೇರಿಗಳನ್ನು ಒಂದೇ ದಿನ ಬದಲಿಸಲಿಲ್ಲ. ಪ್ರಯೋಗಕ್ಕೆ ಮೊದಲು ಆರಿಸಿಕೊಂಡ ಕಡೆಗಳಲ್ಲಿ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿಯೂ ಒಂದು. ಅಲ್ಲಿ ನೋಡಿಕೊಂಡು ಉಳಿದ ಕಚೇರಿಗಳಿಗೆ ಹಂತ ಹಂತವಾಗಿ ಹೋದರು. ಅದಕ್ಕೂ ಮೊದಲಿನದು ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ ಅದು. ಮೊದಲು ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿಯೇ ಇದ್ದದ್ದು ಮುಂದೆ ಕೇಂದ್ರದ ವ್ಯವಸ್ಥೆಗೆ ಹೋಯಿತು, ಸಾಫ್ಟ್‌ವೇರ್ ಬದಲಾಯಿತು. ನಿಮ್ಮ ಸರ್ವೆ ನಂಬರು, ಎಕರೆ ಗುಂಟೆ ಅಲ್ಲೇ ಉಳಿದವು. ವ್ಯವಸ್ಥೆ ಬದಲಾದರೂ ದಾಖಲೆ ಉಳಿಯಬೇಕು ಅನ್ನುವುದಕ್ಕೆ ಪ್ರತಿ ರೈತನ ಮನೆಯಲ್ಲಿಯೂ ಒಂದು ಪುರಾವೆ ಇದೆ.

ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಇದು ಬಾಗಿಲಿಗೆ ಬಂದ ಕೆಲಸ. ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ಸಾಫ್ಟ್‌ವೇರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ನಮ್ಮ ನಾಡಿನ ಗದಗ ಸೀಮೆಯ ಕಣಗಿನಹಾಳದಲ್ಲಿ. ಅಂಥ ಪರಂಪರೆಯ ನಾಡಿನಲ್ಲಿ ಹೊಸ ಸಾಫ್ಟ್‌ವೇರಿಗೆ ಹಳೆಯ ತಪ್ಪನ್ನು ತುಂಬಬಾರದು. ಸಾಗಿಸುವ ಮೊದಲೇ ಸದಸ್ಯರ ಪಟ್ಟಿ, ಷೇರು ಹಣ, ಬೆಳೆಸಾಲದ ಬಾಕಿ, ಈ ಮೂರನ್ನು ಕೈಬರಹದ ಪುಸ್ತಕದ ಜೊತೆ ತಾಳೆ ಹಾಕಿ, ಆಡಳಿತ ಮಂಡಳಿಯ ಸಭೆಯಲ್ಲಿ ಓದಿ, ಠರಾವು ಮಾಡಿಸಿ. ತೀರಿಹೋದ ಸದಸ್ಯನ ಹೆಸರು, ಒಂದೇ ಹೆಸರಿನ ಇಬ್ಬರು, ತಂದೆಯ ಹೆಸರು ಬಿಟ್ಟುಹೋದದ್ದು, ಇವೆಲ್ಲ ಸಾಗಿಸಿದ ಮೇಲೆ ಸರಿಪಡಿಸಲು ನಾಲ್ಕು ಪಟ್ಟು ಕಷ್ಟ.

ಇನ್ನು ಬದಲಿಸಲಾಗದ್ದು ಅಂತ ಒಂದಿರುತ್ತದೆ. ಕಾಟಾದ ಆ ಕಂಪ್ಯೂಟರೇ ಉದಾಹರಣೆ. ಹೊಸ ಸಾಫ್ಟ್‌ವೇರ್ ಮಾಡಿಸುವವರೆಗೆ ಅದನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ. ಅದರಲ್ಲಿ ತೂಕ ಬಿಟ್ಟು ಬೇರೇನೂ ಬೇಡ. ವಾಟ್ಸಾಪ್ ಬೇಡ, ಸಿನಿಮಾ ಬೇಡ, ಕಂಡಕಂಡವರ ಪೆನ್ ಡ್ರೈವ್ ಬೇಡ. ಹಾರ್ಡ್ ಡಿಸ್ಕಿನ ಪೂರ್ತಿ ನಕಲು ಒಂದನ್ನು ತೆಗೆಸಿಡಿ. ಒಂಬತ್ತು ಸೂಜಿಯ ಕೊಂಡಿಯನ್ನು ಯುಎಸ್‌ಬಿಗೆ ಹೊಂದಿಸುವ ಸಣ್ಣ ಸಾಧನ ಸಿಗುತ್ತದೆ, ಹೊಸ ಕಂಪ್ಯೂಟರಿನಲ್ಲಿ ಅದು ತೂಕವನ್ನು ಸರಿಯಾಗಿ ಓದುತ್ತದೆಯೇ ಅಂತ ಸುಗ್ಗಿ ಇಲ್ಲದಾಗ ಪರೀಕ್ಷಿಸಿ. ಖಾಲಿ ಲಾರಿ, ತುಂಬಿದ ಲಾರಿ ಎರಡನ್ನೂ ತೂಗಿ ನೋಡಿ. ಜೊತೆಗೆ ಕೈಯಲ್ಲಿ ಬರೆಯುವ ತೂಕದ ಚೀಟಿಯ ಒಂದು ಕಟ್ಟು ಸದಾ ಮೇಜಿನ ಒಳಗಿರಲಿ.

ಹೊಸದನ್ನು ಕೊಳ್ಳುವಾಗ ಮಾರುವವನಿಗೆ ಕೇಳಬೇಕಾದ್ದು ಹೆಚ್ಚೇನಿಲ್ಲ. ತಮ್ಮಾ, ಇದನ್ನು ಎಷ್ಟು ವರ್ಷ ನೋಡಿಕೊಳ್ಳುತ್ತೀಯಾ? ನಾಳೆ ನಾನು ಬೇರೆ ಕಡೆ ಹೋಗುತ್ತೇನೆ ಅಂದರೆ ನನ್ನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತೆಗೆದುಕೊಡುತ್ತೀಯಾ, ಅದಕ್ಕೆ ಬೇರೆ ದುಡ್ಡು ಕೇಳುತ್ತೀಯಾ? ನೀನು ಅಂಗಡಿ ಮುಚ್ಚಿದರೆ ಪಾಸ್‌ವರ್ಡ್, ಸೋರ್ಸ್ ಕೋಡ್ ಯಾರ ಹತ್ತಿರ ಇರುತ್ತದೆ? ತಿಂಗಳ ಬಾಡಿಗೆಯ, ಇಂಟರ್‌ನೆಟ್ಟಿನ ಮೇಲೆ ನಡೆಯುವ ಸಾಫ್ಟ್‌ವೇರ್ ಆದರೆ ಇನ್ನೊಂದು ಪ್ರಶ್ನೆ: ಬಾಡಿಗೆ ನಿಲ್ಲಿಸಿದ ಮೇಲೆ ನನ್ನ ಲೆಕ್ಕ ಎಷ್ಟು ದಿನ ನಿನ್ನಲ್ಲಿ ಇರುತ್ತದೆ? ಉತ್ತರಗಳನ್ನು ಬಿಲ್ಲಿನ ಹಿಂದೆ ಆದರೂ ಸರಿ, ಬರೆಸಿಕೊಂಡು ಸಹಿ ಹಾಕಿಸಿ. ಬರೆದುಕೊಡಲು ಹಿಂಜರಿಯುವವನ ಹತ್ತಿರ ಕೊಳ್ಳಬೇಡಿ, ಎಷ್ಟೇ ಅಗ್ಗವಿರಲಿ.

ಖರ್ಚಿನ ಮಾತು ಕೊನೆಗೆ. ಮಿಲ್ಲಿನ ಬೆಲ್ಟಿಗೆ, ಲಾರಿಯ ಟೈರಿಗೆ ವರ್ಷಕ್ಕಿಷ್ಟು ಅಂತ ಎತ್ತಿಡುವ ಸಾಹುಕಾರರು ಕಂಪ್ಯೂಟರಿಗೆ ಎತ್ತಿಡುವುದಿಲ್ಲ. ಕೆಟ್ಟಾಗ ನೋಡಿದರಾಯಿತು ಅನ್ನುತ್ತಾರೆ. ಕೆಟ್ಟಾಗ ನೋಡುವುದೇ ಎಲ್ಲಕ್ಕಿಂತ ದುಬಾರಿ, ಆಗ ಚೌಕಾಸಿ ಮಾಡುವ ಶಕ್ತಿ ನಮ್ಮಲ್ಲಿ ಇರುವುದಿಲ್ಲ. ಐದು ವರ್ಷಕ್ಕೊಮ್ಮೆ ಯಂತ್ರ, ವರ್ಷಕ್ಕೊಮ್ಮೆ ನವೀಕರಣ, ಈ ಎರಡು ಬಾಬತ್ತನ್ನು ಖರ್ಚಿನ ಪಟ್ಟಿಯಲ್ಲಿ ಬರೆದುಬಿಡಿ. ಆಗ ಗಡುವಿನ ದಿನ ನೀವು ಹೌಹಾರುವುದಿಲ್ಲ, ಮಾರಲು ಬಂದವನ ಮುಂದೆ ನಿಮ್ಮ ಮಾತಿಗೂ ತೂಕ ಇರುತ್ತದೆ.

ಈ ವಾರ ನೋಟ್‌ಬುಕ್ಕಿನ ಮೊದಲ ಪುಟ ಬರೆಯಿರಿ, ಸಾಕು. ನಿಮ್ಮ ವ್ಯಾಪಾರಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಾಫ್ಟ್‌ವೇರ್ ಯಾವುದು, ಅದರ ಗಡುವು ಯಾವತ್ತು, ಅದರೊಳಗಿನ ಲೆಕ್ಕವನ್ನು ಹೊರಗೆ ತೆಗೆಯುವುದು ನಿಮ್ಮಲ್ಲಿ ಯಾರಿಗೆ ಗೊತ್ತು. ಮೂರನೆಯ ಪ್ರಶ್ನೆಗೆ ಉತ್ತರ ಯಾರಿಗೂ ಗೊತ್ತಿಲ್ಲ ಅಂತಾದರೆ, ಕಂಪನಿ ಇನ್ನೂ ಹತ್ತು ವರ್ಷ ಬೆಂಬಲ ಕೊಡುತ್ತೇನೆ ಅಂದರೂ ನಿಮ್ಮ ಕೆಲಸ ಇಂದೇ ಶುರುವಾಗಬೇಕು.